ಹಂದಿಯ ಚಿತ್ರದ ಮೇಲೆ ಅಂಟಿಸಿದ ಹಸು

ವಡೋದರಾದ ಮಕರಪುರದ ನಮ್ಮ ಹಳೆಯ ಲ್ಯಾಬಿಗೆ ಹೊಸದಾಗಿ ಸೇರಿರುವ ದಾವಣಗೆರೆಯ ಹುಡುಗಿಯೊಬ್ಬಳು ಕಳೆದ ತಿಂಗಳು ನನಗೆ ಫೋನ್ ಮಾಡಿದಳು. ಅಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯಾರೋ ನನ್ನ ನಂಬರು ಕೊಟ್ಟಿದ್ದರಂತೆ. “ಆಂಟಿ, ನೀವು ಇಲ್ಲೇ ಇಪ್ಪತ್ತೈದು ವರ್ಷ ಇದ್ರಂತೆ. ಕೆಲಸ ಹೆಂಗಿರುತ್ತೆ ಅಂತ ಸ್ವಲ್ಪ ಹೇಳ್ರಿ” ಎಂದಳು. “ಬಹಳ ಬ್ಯಾಸರದ ಕೆಲಸ ನೋಡವ್ವಾ” ಎಂದೆ. ಅವಳು ಜೋರಾಗಿ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಫೋನ್ ಇಟ್ಟ ಮೇಲೆ ಪಾಪ ಅನ್ನಿಸಿತು. ಕೇಳಿದವಳಿಗೆ ಒಂದು ನೆಟ್ಟಗಿನ ಉತ್ತರ ಕೊಡಬೇಕಿತ್ತು, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ, ಅದು ನನ್ನ ಗಂಡನಿಗೂ ನೆನಪಿಲ್ಲ.

ನಾನು ಹಾವೇರಿ ಜಿಲ್ಲೆಯವಳು. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದೆ. ಮದುವೆಯಾದವರು ರೈಲ್ವೆಯವರು, ಅವರಿಗೆ ವಡೋದರಾಕ್ಕೆ ವರ್ಗವಾದಾಗ ನಾನೂ ಗಂಟುಮೂಟೆ ಕಟ್ಟಿಕೊಂಡು ಬಂದೆ. ಆರು ತಿಂಗಳು ಕ್ವಾರ್ಟರ್ಸಿನ ಗೋಡೆ ನೋಡಿ ಸಾಕಾಗಿ, ಪಶು ಆಹಾರಕ್ಕೆ ಬೆರೆಸುವ ಪುಡಿಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಗೆ ಅರ್ಜಿ ಹಾಕಿದೆ. ಮಕರಪುರದಲ್ಲಿ ಸುತ್ತಲೂ ಲೇತು, ಮೋಟಾರು, ಟ್ರಾನ್ಸ್‌ಫಾರ್ಮರಿನವರು. ಅವರ ನಡುವೆ ನಮ್ಮದೊಂದೇ ಹುಳಿ ವಾಸನೆಯ ಕಟ್ಟಡ.

ನಾವು ಮಾಡುತ್ತಿದ್ದದ್ದು ಜೀವಂತ ಬ್ಯಾಕ್ಟೀರಿಯಾಗಳ ಪುಡಿ. ಮೊಸರಿನಲ್ಲಿರುವಂಥವೇ ಅವು. ಬೆಳೆಸಿ, ಒಣಗಿಸಿ, ಪುಡಿಯಲ್ಲಿ ಬೆರೆಸಿ, ಚೀಲಕ್ಕೆ ತುಂಬುತ್ತಿದ್ದೆವು. ಪ್ರೊಬಯಾಟಿಕ್ ಎಂಬ ಹೆಸರು ಈಗ ಮೊಸರಿನ ಡಬ್ಬಿಯ ಮೇಲೂ ಇದೆ. ಆಗ ಆ ಮಾತು ಆಡಿದರೆ ಜನ ಇದ್ಯಾವ ಹೊಸ ರೋಗ ಎಂದು ನೋಡುತ್ತಿದ್ದರು. ನನ್ನ ಕೆಲಸ ಎಣಿಸುವುದು. ಒಂದು ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ, ಹತ್ತು ಪಾಲು ತೆಳು ಮಾಡಿ, ಅದನ್ನು ಮತ್ತೆ ಹತ್ತು ಪಾಲು ತೆಳು ಮಾಡಿ, ಹೀಗೆ ಏಳೆಂಟು ಸಲ. ಕೊನೆಗೆ ಒಂದು ಹನಿಯನ್ನು ಬ್ಯಾಕ್ಟೀರಿಯಾಕ್ಕೆ ಆಹಾರ ಹರಡಿದ ಗಾಜಿನ ತಟ್ಟೆಯಲ್ಲಿ ಹಚ್ಚಿ, ಎರಡು ದಿನ ಬೆಚ್ಚಗಿಟ್ಟು, ಎದ್ದ ಚುಕ್ಕೆಗಳನ್ನು ಎಣಿಸಬೇಕು. ಎಷ್ಟು ಚುಕ್ಕೆಯೋ ಅಷ್ಟು ಬದುಕಿದ ಜೀವ. ಸತ್ತವು ಚುಕ್ಕೆ ಇಡುವುದಿಲ್ಲ. ಈಗ ಯಂತ್ರ ಎಣಿಸುತ್ತದೆ, ನಾನು ಕೈಯಲ್ಲೊಂದು ಪೆನ್ನು ಹಿಡಿದು ಎಣಿಸಿದವಳು.

ನನ್ನ ಮೇಲಧಿಕಾರಿ ತ್ರಿವೇದಿ ಸಾಹೇಬರು. ತೆಳ್ಳಗಿನ ಮನುಷ್ಯ, ಬೈಯುವುದೇ ಗೊತ್ತಿಲ್ಲ. ಸೇರಿದ ಮೊದಲ ವರ್ಷ ನಾನು ತೆಳು ಮಾಡಿದ ಹಂತಗಳಲ್ಲಿ ಒಂದನ್ನು ಹೆಚ್ಚು ಲೆಕ್ಕ ಹಿಡಿದು, ಇದ್ದದ್ದಕ್ಕಿಂತ ಹತ್ತು ಪಟ್ಟು ಹೆಚ್ಚು ಲೆಕ್ಕ ಬರೆದುಕೊಟ್ಟಿದ್ದೆ. ಅವರು ತಟ್ಟೆಗಳನ್ನು ನನ್ನ ಮುಂದಿಟ್ಟು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, “ಇನ್ನೊಮ್ಮೆ ಇಬ್ಬರೂ ಕೂಡಿ ಎಣಸೂಣ” ಎಂದರು. ಎಣಿಸಿದೆವು. ಊಟದ ಹೊತ್ತು ಮೀರಿದರೂ ಅವರು ಏಳಲಿಲ್ಲ. ಅವರು ಗುಜರಾತಿಯಲ್ಲಿ ಆಡಿದ ಮಾತನ್ನು ನಾನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿಯೇ ಬರೆಯುತ್ತೇನೆ, ಎಲ್ಲರ ಮಾತೂ ನನಗೆ ಹಾಗೆಯೇ ನೆನಪಿರುವುದು; ಅಕ್ಕ ಎನ್ನುವ ಅವರ ‘ಬೇನ್’ ಅನ್ನು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಅವರು ಹೇಳಿದ್ದು ಇಷ್ಟು: “ಸಹಿ ಮಾಡೋಕಿಂತ ಮೊದಲ ನೋಡ್ರಿ ಬೇನ್. ಮಾಡಿದ ಮ್ಯಾಲ ಅದು ನಿಮ್ಮ ಮಾತು.” ಅಂದಿನಿಂದ ನನ್ನ ಎಣಿಕೆ ತಪ್ಪಲಿಲ್ಲ. ನನಗೆ ಅದರ ಬಗ್ಗೆ ಸ್ವಲ್ಪ ಸೊಕ್ಕೂ ಇತ್ತು.

ಮೊದಲೆಲ್ಲ ನಮ್ಮ ಪುಡಿ ಕರುಗಳಿಗೆ ಮತ್ತು ಕೋಳಿಗಳಿಗೆ ಹೋಗುತ್ತಿತ್ತು. ಆಮೇಲೆ ಮಾಲೀಕರು ಹಂದಿ ಮರಿಗಳಿಗೂ ಒಂದು ಪುಡಿ ಮಾಡಿ ಎಂದರು. ಮರಿಗೆ ತಾಯಿಯ ಹಾಲು ಬಿಡಿಸುವ ಹೊತ್ತು ಬಹಳ ಕಷ್ಟದ್ದು. ನಿನ್ನೆಯವರೆಗೆ ಹಾಲು, ಇವತ್ತು ಗಂಜಿ. ತಾಯಿ ಇಲ್ಲ, ಜಾಗ ಬೇರೆ. ಕರುಳಿನೊಳಗೆ ಹಾಲಿಗೆ ಒಗ್ಗಿದ್ದ ಒಳ್ಳೆಯ ಜೀವಿಗಳು ಸೊರಗುತ್ತವೆ, ಕೆಟ್ಟವು ಮೇಲೇಳುತ್ತವೆ. ಭೇದಿ ಹತ್ತಿಕೊಂಡರೆ ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡುತ್ತದೆ. ಅದಕ್ಕೆ ಸಾಕುವವರು ಆಹಾರದಲ್ಲಿ ದಿನಾ ಆ್ಯಂಟಿಬಯಾಟಿಕ್ ಹಾಕುತ್ತಿದ್ದರು. ದಿನಾ ಹಾಕಿದರೆ ರೋಗಾಣುಗಳು ಔಷಧಕ್ಕೇ ಜಗ್ಗದಂತಾಗುತ್ತವೆ, ಅದರ ಬದಲು ಒಳ್ಳೆಯ ಜೀವಿಗಳನ್ನೇ ಹೊಟ್ಟೆಗೆ ಕಳಿಸಿ ಎಂಬುದು ನಮ್ಮ ವಾದ. ವಾದ ಸರಿಯಾಗಿಯೇ ಇತ್ತು, ಈಗಲೂ ಇದೆ.

ಆದರೆ ನಮ್ಮ ಆಫೀಸಿನಲ್ಲಿ ಒಬ್ಬರ ಬಾಯಲ್ಲೂ ಹಂದಿ ಎಂಬ ಮಾತು ಹೊರಡುತ್ತಿರಲಿಲ್ಲ. ಊಟಕ್ಕೆ ಕೂತಾಗಂತೂ “ಆ ಪ್ರಾಣಿ” ಎನ್ನುತ್ತಿದ್ದರು. ಕಡತದ ಮೇಲೆ ಬರೀ ‘ಎಸ್’ ಎಂಬ ಅಕ್ಷರ, ಇಂಗ್ಲಿಷಿನ ‘ಸ್ವೈನ್’ ಎಂಬುದರ ಮೊದಲಕ್ಷರ. ಮಾರಾಟದ ಹುಡುಗರು ಹಂದಿ ಸಾಕುವವರ ಕೇರಿಗೆ ಕಾಲಿಡದೆ, ರಸ್ತೆಯ ಬದಿಯಲ್ಲೇ ನಿಂತು ಬಾಯಲ್ಲಿ ಹೇಳಿ ಚೀಲ ಕೊಟ್ಟು ಬರುತ್ತಿದ್ದರು. ಅವರನ್ನು ಆಡಿಕೊಳ್ಳಲು ನನಗೆ ಬಾಯಿಲ್ಲ. ಊರಿನಲ್ಲಿ ಅತ್ತೆಯವರು ಕೇಳಿದರೆ ನಾನೂ “ದನಕರುಗಳ ಔಷಧ ಮಾಡ್ತೀವ್ರಿ” ಎನ್ನುತ್ತಿದ್ದೆ.

ಅಹಮದಾಬಾದಿನಲ್ಲಿ ನಮ್ಮ ದೊಡ್ಡ ವಿತರಕರು ಪಾರೇಖ್ ಭಾಯಿ. ದಕ್ಷಿಣಕ್ಕೆ ಸೂರತ್‌ವರೆಗೂ ಅವರ ಕಡೆಯಿಂದಲೇ ಮಾಲು ಹೋಗುತ್ತಿತ್ತು. ಹೊಸ ಚೀಲ ಅವರ ಅಂಗಡಿ ಸೇರಿದ ವಾರದಲ್ಲೇ, ಗರಿಗರಿ ತೆಳು ರೊಟ್ಟಿಯಂಥ ಖಾಖ್ರಾದ ಒಂದು ದೊಡ್ಡ ಡಬ್ಬಿ ಹಿಡಿದು ವಡೋದರಾಕ್ಕೆ ಬಂದರು. ಚೀಲದ ಮುಂಭಾಗದಲ್ಲಿ ಮರಿಗಳಿಗೆ ಹಾಲೂಡಿಸುವ ಹಂದಿಯ ಬಣ್ಣದ ಚಿತ್ರವಿತ್ತು.

“ಬೇನ್, ನನ್ನ ಗಲ್ಲಾ ಹಿಂದ ದೇವರದು ಫೋಟೋ ಐತಿ. ಮುಂದ ಈ ಚೀಲ ಹೆಂಗ ಇಡ್ಲಿ? ಹಸುವಿನ ಹಿಂಡಿ ಒಯ್ಯಾಕ ಬರೋ ಗಿರಾಕಿ ಇದನ್ನ ನೋಡಿ ಹಂಗ ತಿರುಗಿ ಹೊಂಟಬಿಡತಾರ. ಮಾಲು ಮಾರಾಕ ನಾ ಒಲ್ಲೆ ಅನ್ನಂಗಿಲ್ಲ. ಚಿತ್ರ ಒಂದು ಬ್ಯಾಡ.”

ಅವರ ಹತ್ತಿರ ಉಪಾಯವೂ ಇತ್ತು. ಹಸುವಿನ ಖನಿಜ ಮಿಶ್ರಣದ ಹಳೆಯ ಚೀಟಿಗಳು ಗೋದಾಮಿನಲ್ಲಿ ಕಟ್ಟು ಕಟ್ಟು ಬಿದ್ದಿದ್ದವು. ಹಸು ಕರುವನ್ನು ನೆಕ್ಕುತ್ತಿರುವ ಚಿತ್ರ. ಅದನ್ನು ಹಂದಿಯ ಮೇಲೆ ಅಂಟಿಸಿದರೆ ಆಯಿತು, ಅಳತೆಯೂ ಸರಿಹೊಂದುತ್ತದೆ ಎಂದರು. ಚೀಲದ ಮೇಲಿನ ಯಾವ ಬದಲಾವಣೆಗೂ ಗುಣಮಟ್ಟ ವಿಭಾಗದ ಸಹಿ ಬೇಕು, ಅಂದರೆ ನನ್ನದು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದುಕೊಂಡು ನಗುತ್ತ ಸಹಿ ಮಾಡಿದೆ. ನಿಜ ಹೇಳಬೇಕೆಂದರೆ, ದಿನಾ ಆ ಚಿತ್ರ ನೋಡುವುದು ತಪ್ಪಿತಲ್ಲ ಎಂದು ನನಗೂ ಹಾಯೆನಿಸಿತು. ಖಾಖ್ರಾ ರುಚಿಯಾಗಿದ್ದವು.

ಐದಾರು ತಿಂಗಳ ಮೇಲೆ ಸೂರತ್‌ನಿಂದ ದೂರು ಬಂತು. ಓಲ್ಪಾಡ್ ಕಡೆಯ ರಸ್ತೆಯಲ್ಲಿ ಶಾರದಾಬೇನ್ ಎಂಬವರು ಹಂದಿ ಸಾಕುತ್ತಾರೆ, ನಮ್ಮ ಪುಡಿ ಹಾಕತೊಡಗಿದ ಮೇಲೆ ಅವರ ಮರಿಗಳು ಸಾಯುತ್ತಿವೆ ಎಂದು. ಹೋಗಿ ನೋಡಿ ಬನ್ನಿ ಎಂದು ತ್ರಿವೇದಿ ಸಾಹೇಬರು ಮಾರಾಟದವರಿಗೆ ಹೇಳಿದರು. ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಮನೆಯಲ್ಲಿ ಪೂಜೆ. ಅದೇ ಬ್ಯಾಚಿನ ಚೀಲದಿಂದ ಲ್ಯಾಬಿನಲ್ಲಿ ತೆಗೆದಿಟ್ಟ ಮಾದರಿಯನ್ನು ನಾನು ಮತ್ತೆ ಎಣಿಸಿದೆ. ಚುಕ್ಕೆಗಳು ತುಂಬಿ ತುಳುಕುತ್ತಿದ್ದವು. “ಪುಡಿಯಲ್ಲಿ ತಪ್ಪಿಲ್ರಿ, ನಾನ ಹೋಗಿ ನೋಡ್ತೀನಿ” ಎಂದೆ. ಅದೇ ಸೊಕ್ಕು.

ಬೆಳಗಿನ ರೈಲಿಗೆ ಸೂರತ್ ತಲುಪಿ, ಆಟೋ ಹಿಡಿದು ಹೋದೆ. ಅಂದು ನಾನು ಜೀವಮಾನದಲ್ಲಿ ಮೊದಲ ಸಲ ಹಂದಿ ಸಾಕುವ ಮನೆಯೊಳಗೆ ಕಾಲಿಟ್ಟದ್ದು. ಅವುಗಳಿಗೆ ಪುಡಿ ಮಾಡಿ ಕಳಿಸಿ ಅರ್ಧ ವರ್ಷವಾಗಿತ್ತು. ಮೂಗು ಮುಚ್ಚಲು ಸೆರಗು ಸಿದ್ಧ ಮಾಡಿಕೊಂಡಿದ್ದೆ, ಬೇಕಾಗಲಿಲ್ಲ. ನೆಲವನ್ನು ತೊಳೆದು ಒಣಗಿಸಿದ್ದರು. ಮೂರು ತಾಯಿ ಹಂದಿ, ಒಂದರ ಹತ್ತಿರ ಹಾಲು ಕುಡಿಯುವ ಒಂಬತ್ತು ಮರಿ. ಶಾರದಾಬೇನ್ ಐವತ್ತರ ಆಸುಪಾಸಿನ ವಿಧವೆ; ಮೈದುನನ ಟೆಂಪೋದಲ್ಲಿ ಸೂರತ್‌ನ ಅಡಾಜಣ್ ಬಡಾವಣೆಯ ಹೋಟೆಲುಗಳಿಂದ ಉಳಿದ ಅನ್ನ, ರೊಟ್ಟಿ, ತರಕಾರಿ ತರಿಸಿ, ದೊಡ್ಡ ಹಂಡೆಯಲ್ಲಿ ಕುದಿಸಿ ಹಾಕುತ್ತಿದ್ದರು. ಹೋಟೆಲಿನ ಉಳಿಕೆಯನ್ನು ಕುದಿಸದೆ ಹಾಕಿದರೆ ರೋಗ ಬರುತ್ತದೆ ಎಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದದ್ದು ಸರಿಯೇ.

“ಪುಡಿ ಹೆಂಗ ಹಾಕ್ತೀರಿ, ತೋರಸ್ರಿ” ಎಂದೆ. ಆಕೆ ಡಬ್ಬಿಯಿಂದ ಎರಡು ಚಮಚ ತೆಗೆದು, ಕೊತಕೊತ ಕುದಿಯುತ್ತಿದ್ದ ಹಂಡೆಗೆ ಹಾಕಿ, ಉದ್ದನೆಯ ಕೋಲಿನಿಂದ ತಿರುವಿದರು.

ನನಗೆ ಮೈಯೆಲ್ಲ ಉರಿಯಿತು. ನಾನು ಒಂದೊಂದಾಗಿ ಎಣಿಸಿದ ಜೀವಗಳು, ಕಣ್ಣೆದುರಿಗೇ ಬೆಂದುಹೋದವು. “ಓದಾಕ ಬರಂಗಿಲ್ಲೇನ್ರಿ ನಿಮಗ? ಬಿಸಿಯೊಳಗ ಹಾಕಬ್ಯಾಡ್ರಿ ಅಂತ ಕೆಂಪು ಅಕ್ಷರದಾಗ ಇಷ್ಟು ದೊಡ್ಡದಾಗಿ ಬರದೈತಲ್ಲ! ಎಲ್ಲಾ ಸತ್ತುಹೋದವು. ನೀವ ಕೈಯಾರೆ ಕೊಂದಂಗ ಆತು” ಎಂದುಬಿಟ್ಟೆ.

ಆಕೆ “ಏಳನೇತ್ತ ತನಕ ಓದೀನಿ ಬೇನ್” ಎಂದಷ್ಟೇ ಹೇಳಿ, ಕೋಲನ್ನು ಗೋಡೆಗೆ ಒರಗಿಸಿ, ನನಗೆ ಚಹಾ ತರಲು ಒಳಗೆ ಹೋದರು.

ನಾನು ಸಾಬೀತು ಮಾಡಬೇಕಿತ್ತಲ್ಲ, ಚೀಲ ಹುಡುಕಿದೆ. ಗಾಳಿ ತಡೆಯಲು ಗೂಡಿನ ಬಾಯಿಗೆ ನಮ್ಮ ಖಾಲಿ ಚೀಲವನ್ನೇ ಕಟ್ಟಿದ್ದರು. ಅದರ ಮೇಲೆ ಹಸು, ಕರು. ಕೆಂಪು ಅಕ್ಷರ ಎಲ್ಲೂ ಇಲ್ಲ. ಹಿಂದೆ ತಿರುಗಿಸಿದೆ, ಅಲ್ಲೂ ಇಲ್ಲ. ಚೀಟಿಯ ಒಂದು ಮೂಲೆ ಬಿಸಿಲಿಗೆ ಎದ್ದಿತ್ತು, ಉಗುರಿನಿಂದ ಎಬ್ಬಿಸಿ ಎಳೆದೆ. ಕೆಳಗೆ ಹಂದಿ, ಹಂದಿಯ ಕೆಳಗೆ ಕೆಂಪು ಚೌಕಟ್ಟು, ಚೌಕಟ್ಟಿನಲ್ಲಿ ಗುಜರಾತಿಯಲ್ಲಿ: ಬಿಸಿ ಆಹಾರದಲ್ಲಿ ಬೆರೆಸಬೇಡಿ, ಕೈಗೆ ಉಗುರುಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಮಾತ್ರ. ಚೀಟಿ ಎಲ್ಲವನ್ನೂ ಸೇರಿಸಿ ಮುಚ್ಚಿತ್ತು. ಅಳತೆ ಸರಿಹೊಂದುತ್ತದೆ ಎಂದು ಪಾರೇಖ್ ಭಾಯಿ ಹೇಳಿದ್ದು ಸುಳ್ಳಲ್ಲ.

ಶಾರದಾಬೇನ್ ಚಹಾ ಹಿಡಿದು ಬರುವಷ್ಟರಲ್ಲಿ ನಾನು ಆ ಚೀಲವನ್ನು ಮಡಚಿ ನನ್ನ ಬ್ಯಾಗಿಗೆ ಸೇರಿಸಿದ್ದೆ. ಚಹಾ ಕುಡಿದೆ. ಸತ್ತ ಮರಿಗಳ ಸಂಖ್ಯೆ ಕೇಳಿದೆ. ಎರಡು ಸೂಲಿನ ಹದಿನೇಳರಲ್ಲಿ ನಾಲ್ಕು ಉಳಿದಿದ್ದವು. ನಮ್ಮ ಹುಡುಗರ ಮಾತು ನಂಬಿ ಆಕೆ ಆ್ಯಂಟಿಬಯಾಟಿಕ್ ನಿಲ್ಲಿಸಿದ್ದರು. ಅದರ ಜಾಗಕ್ಕೆ ನಾವು ಕೊಟ್ಟದ್ದು ಹಂಡೆಯಲ್ಲಿ ಬೆಂದ ಪುಡಿ. ಮರಿಗಳಿಗೆ ಅದೂ ಇಲ್ಲ, ಇದೂ ಇಲ್ಲ. “ಮುಂದ ಆರಿಸಿ ಹಾಕ್ರಿ” ಎಂದು ಹೇಳಿ, ನನ್ನ ಫೋನ್ ನಂಬರು ಬರೆದುಕೊಟ್ಟು, ಮಧ್ಯಾಹ್ನದ ರೈಲು ಹತ್ತಿದೆ. ಚೀಲದ ಮಾತು ಎತ್ತಲಿಲ್ಲ.

ವಡೋದರಾದಲ್ಲಿ ತ್ರಿವೇದಿ ಸಾಹೇಬರ ಮೇಜಿನ ಮೇಲೆ ಚೀಲ ಬಿಡಿಸಿಟ್ಟೆ. ಅವರು ಅವತ್ತೇ ಅಹಮದಾಬಾದಿಗೆ ಫೋನ್ ಮಾಡಿ ಚೀಟಿ ಅಂಟಿಸುವುದನ್ನು ನಿಲ್ಲಿಸಿದರು. ಗೋದಾಮಿನಲ್ಲಿದ್ದ ಚೀಲಗಳ ಮೇಲಿನ ಚೀಟಿಗಳನ್ನು ಕೀಳಿಸಿದರು, ಕೊಂಡು ಹೋದವರಿಗೆಲ್ಲ ಬಾಯಲ್ಲಿ ತಿಳಿಸಲು ಮಾರಾಟದವರನ್ನು ಅಟ್ಟಿದರು. ಈ ಸಲ ಯಾರಿಗೂ ಜ್ವರ ಬರಲಿಲ್ಲ.

“ಶಾರದಾಬೇನ್‌ಗೆ ಹೇಳಬೇಕಲ್ರಿ ಸಾಹೇಬ್, ತಪ್ಪು ನಮ್ಮದು ಅಂತ?” ಎಂದೆ.

“ತಪ್ಪು ತಿದ್ದಿ ಆತಲ್ಲ ಬೇನ್. ಆರಿಸಿ ಹಾಕ್ರಿ ಅಂತ ಆಕಿಗೆ ಹೇಳಿದ್ದೂ ಆತು. ಇನ್ನ ತಪ್ಪು ಯಾರದು ಅಂತ ಹೇಳಿದ್ರ ಆಕಿಗೆ ಸಿಗೂದೇನು?”

ಅವರು ಕೆಟ್ಟವರಲ್ಲ, ಹೇಡಿಯೂ ಅಲ್ಲ. ಆ ಮಾತಿಗೆ ಅರ್ಥವಿಲ್ಲವೆಂದೂ ಹೇಳಲಾಗದು. ನನಗಂತೂ ಅದು ಬೆಲ್ಲದಂತೆ ಹಿತವಾಯಿತು. ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಷೂ ಕಟ್ಟುತ್ತ, “ರೈಲ್ವೆದಾಗ ಸಿಗ್ನಲ್ ತಪ್ಪು ಕೊಟ್ಟಾವ ತಾನ ಬರದು ಕೊಡಬೇಕು ನೋಡು. ಇಲ್ಲಂದ್ರ ಡ್ರೈವರನ ತಲಿಗೆ ಬರತೈತಿ” ಎಂದು ಡ್ಯೂಟಿಗೆ ಹೋದರು. ಅವರ ಮೇಲೆ ಎರಡು ದಿನ ಸಿಟ್ಟು ಮಾಡಿಕೊಂಡೆ.

ಹನ್ನೊಂದನೆಯ ದಿನ ಬೆಳಿಗ್ಗೆ ಶಾರದಾಬೇನ್ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ.

“ಬೇನ್, ಉಳಿದ ಪುಡಿ ಯಾರನ್ನರ ಕಳಿಸಿ ವಾಪಸ್ ತರಿಸಿಕೊಳ್ರಿ. ಕೆಡತೈತಿ. ರವಿವಾರ ಮೂರೂ ಹಂದಿ ಮಾರಾಕತ್ತೀನಿ.”

“ಯಾಕ್ರಿ? ಒಂಬತ್ತು ಮರಿ ಅದಾವಲ್ಲ?”

“ಅವನ್ನೂ ಕೊಡತೀನಿ. ಹಾಲು ಬಿಡಸೂ ಹೊತ್ತು ಬಂತು, ನನಗ ಧೈರ್ಯ ಇಲ್ಲ. ನೀವ ಅಂದ್ರಲ್ಲ ಬೇನ್, ನನ್ನ ಕೈಯಾರೆ ಆತು ಅಂತ. ಖರೇನ ಐತಿ. ಈ ಕೈಯಾಗ ಜಶ್ ಇಲ್ಲ.” ನಾವು ಕೈಗುಣ ಎನ್ನುವುದನ್ನೇ ಅಲ್ಲಿ ಜಶ್ ಎನ್ನುತ್ತಾರೆ. ಆಕೆ ಮತ್ತೆ ಹೇಳಿದರು: “ಮಗಳು ಬಾಣಂತನಕ್ಕ ಬಂದಾಳ. ಮೊಮ್ಮಗಳಿಗೆ ಎರಡು ತಿಂಗಳು. ಮೊದಲು ನಾನ ಕೂಸಿಗೆ ನೀರು ಎರಿತಿದ್ದೆ. ನೀವ ಬಂದು ಹೋದ ದಿನದಿಂದ ಕೂಸಿನ್ನ ಮುಟ್ಟಿಲ್ಲ.”

ಫೋನ್ ಇಟ್ಟವಳು ತ್ರಿವೇದಿ ಸಾಹೇಬರ ಕೋಣೆಗೆ ಹೋಗಿ, ನಾಳೆ ರಜೆ ಬೇಕು, ಸೂರತ್‌ಗೆ ಹೋಗುತ್ತೇನೆ ಎಂದೆ. ಅವರು ಬೀರು ತೆರೆದು, ಆ ಚೀಲವನ್ನು ತೆಗೆದು ನನ್ನ ಕೈಗೆ ಕೊಟ್ಟರು. “ರಜಾ ಬ್ಯಾಡ, ಕಂಪನಿ ಕೆಲಸ ಅಂತ ಬರೀರಿ” ಎಂದರು.

ಈ ಕೆಲಸಕ್ಕೆ ಸೇರಿದ ಹುಡುಗಿಗೆ ತಾಂತ್ರಿಕ ಮಾತು ನಾಲ್ಕು ಹೇಳಬೇಕಲ್ಲ, ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ಶಾರದಾಬೇನ್ ಕೊನೆಗೆ ಮಾರದೆ ಉಳಿಸಿಕೊಂಡ ಆ ಒಂಬತ್ತು ಮರಿಗಳಲ್ಲಿ ಎಂಟು ಬದುಕಿದವು. ನಮ್ಮ ಪುಡಿಯೊಂದರಿಂದಲೇ ಬದುಕಿದವು ಎಂದು ನಾನು ಹೇಳುವುದಿಲ್ಲ, ಹೇಳುವವರನ್ನು ನೀನೂ ನಂಬಬೇಡ. ಹಾಲನ್ನು ಒಮ್ಮೆಗೇ ಬಿಡಿಸದೆ ಇನ್ನೂ ತಾಯಿಯ ಹತ್ತಿರ ಇರುವಾಗಲೇ ಗಂಜಿಯ ರುಚಿ ಹತ್ತಿಸಿದೆವು, ದಿನಕ್ಕೆ ಎರಡು ಸಲದ ಬದಲು ಐದು ಸಲ ಸ್ವಲ್ಪ ಸ್ವಲ್ಪ ಹಾಕಿಸಿದೆವು, ಮಲಗುವಲ್ಲಿ ಒಣ ಹುಲ್ಲು, ಭೇದಿ ಕಂಡ ಮರಿಗೆ ಉಪ್ಪು ಸಕ್ಕರೆ ನೀರು. ಆರಿದ ಗಂಜಿಯಲ್ಲಿ ಪುಡಿ. ಇಷ್ಟೂ ಸೇರಿದರೆ ಕರುಳು ನಿಲ್ಲುತ್ತದೆ. ಮುಂದಿನ ವರ್ಷಗಳಲ್ಲಿ ನಾವು ಬಿಸಿಗೆ ಜಗ್ಗದ, ಮೈಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೆ ಬದಲಾದೆವು. ನೀನು ಈಗ ಎಣಿಸುತ್ತಿರುವುದು ಅದನ್ನೇ ಇರಬೇಕು. ಆದರೂ ಚೀಲ ಹೊರಡುವ ಮೊದಲು, ಅದನ್ನು ಬಿಚ್ಚುವವರ ಒಲೆಯನ್ನು ಒಮ್ಮೆ ಹೋಗಿ ನೋಡಿ ಬಾ.

ಆ ಫೋನು ಬಂದ ಮರುದಿನ ನಾನು ಸೂರತ್‌ಗೆ ಹೋದಾಗ ಶಾರದಾಬೇನ್ ಅಂಗಳದಲ್ಲಿ ಕೂತಿದ್ದರು. ಹಂಡೆಯ ಹತ್ತಿರ ಮೈದುನ ನಿಂತಿದ್ದ. ಒಳಗೆ ಕೂಸು ಅಳುತ್ತಿತ್ತು, ಮಗಳು ಸಮಾಧಾನ ಮಾಡುತ್ತಿದ್ದಳು. ಚೀಲವನ್ನು ಆಕೆಯ ಮುಂದೆ ನೆಲದ ಮೇಲೆ ಹಾಸಿದೆ. ಕಿತ್ತ ಹಸುವಿನ ಚೀಟಿಯನ್ನು ಪಕ್ಕದಲ್ಲಿಟ್ಟೆ.

ಆಕೆ ಬೆರಳಿಟ್ಟು ಕೆಂಪು ಅಕ್ಷರಗಳನ್ನು ಒಂದೊಂದಾಗಿ ಓದಿದರು. ಮುಗಿದ ಮೇಲೆ ಚೀಟಿಯನ್ನು ಎತ್ತಿ ಅದರ ಮೇಲಿಟ್ಟು ನೋಡಿದರು, ಮತ್ತೆ ತೆಗೆದರು.

“ಇದು ಕಂಡಿದ್ರ ನಾ ಓದತಿದ್ದೆ ಬೇನ್.”

“ಹೌದ್ರಿ. ಇದನ್ನ ಅಂಟಸ್ರಿ ಅಂತ ಸಹಿ ಮಾಡಿದಾಕಿ ನಾನ. ನಿಮ್ಮ ಕೈಯಾಗ ಏನೂ ತಪ್ಪಿಲ್ಲ. ಅವತ್ತ ಬೈದೆ, ಆಮ್ಯಾಲ ಗೊತ್ತಾತು, ಗೊತ್ತಾಗಿನೂ ಬಾಯಿ ಮುಚ್ಚಿಕೊಂಡು ಹೋದೆ. ನನ್ನ ಮಾಫ್ ಮಾಡ್ರಿ.” ನನಗೆ ಅಳು ಬಂತು. ನಾಚಿಕೆಯೂ ಆಯಿತು, ಅಳಬೇಕಾದವಳು ನಾನಲ್ಲವಲ್ಲ ಎಂದು.

ಶಾರದಾಬೇನ್ ಎದ್ದು ನಲ್ಲಿಯ ಹತ್ತಿರ ಹೋಗಿ ಮೊಳಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡರು. ಸೀರೆಯ ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೂಸು ಅವರ ಹೆಗಲ ಮೇಲಿತ್ತು, ಅಳು ನಿಂತಿತ್ತು. ಅಂಗಳದಲ್ಲಿ ಒಂದು ಸುತ್ತು ತಿರುಗಿ, ನನ್ನ ಮುಂದೆ ಬಂದು ನಿಂತರು.

“ಅವತ್ತ ಹೇಳಿದ್ರ ಅವತ್ತ ಎತ್ತಿಕೊಳ್ಳತಿದ್ದೆ ಬೇನ್” ಎಂದರು.